ಎಲ್ಲಾ ಸೇರಿ ತಾನೇ?

ಹನುಮಂತನಗರದ ಐವತ್ತು ಅಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಅಡ್ಡರಸ್ತೆಗೊಬ್ಬರಂತೆ ಪ್ಯಾಕೇಜ್ ರಾಯರು ಸಿಗುತ್ತಾರೆ. ಬ್ಯಾಂಕಿನಿಂದಲೋ ಐಟಿಐಯಿಂದಲೋ ನಿವೃತ್ತರಾದವರು. ಬೆಳಿಗ್ಗೆ ರಾಮಾಂಜನೇಯ ಗುಡ್ಡ ಹತ್ತಿಳಿದು ಮೆಟ್ಟಿಲ ಬುಡದಲ್ಲಿ ನಿಂತು ಅವರು ಫೋನಿನಲ್ಲಿ ಮಾತಾಡುವುದನ್ನು ಕೇಳಿದವರು ಯಾವುದೋ ಸೈಟಿನ ವ್ಯವಹಾರ ಅಂದುಕೊಳ್ಳಬೇಕು. “ತಲೆಗೆ ಎರಡು ಸಾವಿರ ಅಂದ್ರಲ್ಲ, ಎಲ್ಲಾ ಸೇರಿ ತಾನೇ? ಸಂಜೆ ಬಜ್ಜಿ ಒಂದೇ ಪ್ಲೇಟೋ, ಕೇಳಿದಷ್ಟೋ? ಬಿಸಿನೀರು ಎಷ್ಟು ಗಂಟೆವರೆಗೆ?” ಆ ತುದಿಯಲ್ಲಿ ಸಕಲೇಶಪುರ ಕಡೆಯ ರೆಸಾರ್ಟಿನ ಹುಡುಗ. ಬಜ್ಜಿಯ ವಿಚಾರ ಓನರ್‌ನ ಕೇಳಿ ಹೇಳ್ತೀನಿ ಅನ್ನುತ್ತಾನೆ.

ತೆರಿಗೆಯ ವಿಷಯದಲ್ಲಿ ಮಾತ್ರ ಅವನು ಓನರ್‌ನ ಕೇಳಬೇಕಿಲ್ಲ, ರಾಯರೇ ಹೇಳುತ್ತಾರೆ. ದಿನಕ್ಕೆ ಸಾವಿರ ರೂಪಾಯಿವರೆಗಿನ ಕೋಣೆಗೆ ಇದ್ದ ವಿನಾಯಿತಿ 2022ರ ಜುಲೈ 18ರಂದು ಹೋಗಿ ಶೇ 12 ಜಿಎಸ್‌ಟಿ ಬಂದದ್ದು, 2025ರ ಸೆಪ್ಟೆಂಬರ್ 22ರಿಂದ ಏಳೂವರೆ ಸಾವಿರದವರೆಗಿನ ಕೋಣೆಗಳಿಗೆ ಅದು ಶೇ 5ಕ್ಕೆ ಇಳಿದದ್ದು, ಎರಡೂ ಅವರಿಗೆ ಬಾಯಿಪಾಠ. ಹಳೆಯ ದರಪಟ್ಟಿಯನ್ನೇ ವಾಟ್ಸ್‌ಆ್ಯಪ್ ಮಾಡಿದ ಮ್ಯಾನೇಜರನ ಗ್ರಹಚಾರ ಅಲ್ಲಿಗೆ ಕೆಟ್ಟಿತೆಂದೇ ಅರ್ಥ.

ಹಾಗಂತ ರಾಯರು ಜಿಪುಣರಲ್ಲ. ಅವರನ್ನು ಹಾಗೆ ಕರೆಯುವವರು ಅವರ ಜೊತೆ ಪ್ರವಾಸ ಹೋದವರಲ್ಲ. ಕೊಟ್ಟ ದುಡ್ಡಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದರ ಬಗ್ಗೆ ಅವರಿಗೆ ಭ್ರಮೆಯಿಲ್ಲ, ಅಷ್ಟೆ. ಹಾಸಿಗೆಯಲ್ಲಿ ತಿಗಣೆ ಇರಬಾರದು, ಸಾರು ಬಿಸಿಯಾಗಿರಬೇಕು, ಬೆಳಿಗ್ಗೆ ಒಂದು ಬಕೆಟ್ ನೀರು ಹಬೆಯಾಡಬೇಕು. ಫೋಟೊದಲ್ಲಿ ಥಳಥಳಿಸುವ ಈಜುಕೊಳ ನೋಡಿ ಮೊಮ್ಮಕ್ಕಳು ಕುಣಿದರೆ, “ಅದು ಉದ್ಘಾಟನೆ ದಿನ ತೆಗೆದದ್ದು ಕಣ್ರೋ” ಎಂದು ಮೊದಲೇ ಹೇಳಿಬಿಡುತ್ತಾರೆ. ಅಲ್ಲಿಗೆ ಹೋದಾಗ ಕೊಳದ ನೀರು ತುಸು ಹಸಿರಾಗಿದ್ದರೆ ಆಘಾತವಾಗುವುದು ಉಳಿದವರಿಗೆ.

ಉಳಿದವರು ಅಂದರೆ ಮುಖ್ಯವಾಗಿ ಮಗ. ಬೆಳ್ಳಂದೂರಿನ ಕಂಪನಿಯಲ್ಲಿ ಕೆಲಸ. ಟವೆಲ್ ಮಡಿಸಿದ ರೀತಿಗೆ ಅರ್ಧ ಸ್ಟಾರ್, ವೈಫೈಗೆ ಒಂದು ಸ್ಟಾರ್, ಕಾಫಿಗೆ ಪೂರ್ತಿ ಒಂದೂವರೆ ಕಡಿದು ರಾತ್ರಿಯೆಲ್ಲ ರಿವ್ಯೂ ಕುಟ್ಟುತ್ತಾನೆ. ಕಾಫಿತೋಟದ ನಡುವೆ ನಿಂತ ರೆಸಾರ್ಟಿನಲ್ಲಿ ಇನ್‌ಸ್ಟಂಟ್ ಪುಡಿ ಕಲಸಿಕೊಡುವುದು ಅನ್ಯಾಯವೇ, ಆ ಮಟ್ಟಿಗೆ ಮಗನ ಸಿಟ್ಟು ಸರಿ. ಆದರೆ ರಾಯರಿಗೆ ಅದು ಗೊತ್ತೇ ಆಗುವುದಿಲ್ಲ. ಮನೆಯಿಂದ ಹೊರಡುವ ಮುನ್ನ ಇಳಿಸಿಕೊಂಡ ಡಿಕಾಕ್ಷನ್ ಅವರ ಫ್ಲಾಸ್ಕಿನಲ್ಲಿದೆ. ಅಡುಗೆಮನೆಯಿಂದ ಬೇಕಾದದ್ದು ಬಿಸಿಹಾಲು ಮಾತ್ರ. ಅದು ಪ್ಯಾಕೇಜಿನಲ್ಲೇ ಸೇರಿದೆ.

ಅವರ ಚೀಲವನ್ನು ಒಮ್ಮೆ ಬಿಚ್ಚಿ ನೋಡಬೇಕು. ಒದ್ದೆ ಬಟ್ಟೆಗೆ ನೈಲಾನ್ ಹಗ್ಗ ಮತ್ತು ನಾಲ್ಕು ಕ್ಲಿಪ್ಪು, ಎರಡು ಹೊದಿಕೆ, ಓಡೋಮಾಸ್, ಟಾರ್ಚು, ಚಟ್ನಿಪುಡಿ, ಇಂಬಳಕ್ಕೆಂದು ಉಪ್ಪಿನ ಪೊಟ್ಟಣ, ಬಾಗಿಲಿನ ಚಿಲಕ ಸಡಿಲವಿದ್ದರೆ ಇರಲಿ ಎಂದು ಒಂದು ಸ್ವಂತ ಬೀಗ. ಎಲ್‌ಟಿಸಿ ತೆಗೆದುಕೊಂಡು ಪುಳಿಯೋಗರೆ ಗೊಜ್ಜಿನೊಂದಿಗೆ ಕಾಶಿಗೆ ಹೋಗಿಬಂದ ಕಾಲದ ಚೀಲ ಅದು. ಗೊಜ್ಜಿನ ಕಲೆ ಇನ್ನೂ ಇದೆ.

ರೆಸಾರ್ಟಿಗೆ ಕಾಲಿಟ್ಟ ಕ್ಷಣದಿಂದ ಮಾತ್ರ ಬೇರೆ ರಾಯರು ಕಾಣಿಸಿಕೊಳ್ಳುತ್ತಾರೆ. ಗುಣಮಟ್ಟದ ಬಗ್ಗೆ ಚಕಾರ ಎತ್ತದವರು ಪಟ್ಟಿಯ ವಿಷಯದಲ್ಲಿ ಒಂದು ಸಾಲನ್ನೂ ಬಿಡುವುದಿಲ್ಲ. ಪ್ಯಾಕೇಜಿನಲ್ಲಿ ಬಿಲ್ಲುವಿದ್ಯೆ ಇದೆಯೇ? ಮಂಡಿನೋವಿನಲ್ಲೇ ನಿಂತು ಮೂರು ಬಾಣ ಬಿಡುತ್ತಾರೆ, ಒಂದು ಪಕ್ಕದ ಮೆಣಸಿನ ಬಳ್ಳಿಗೆ. ಕೇರಂ ಬೋರ್ಡಿಗೆ ಸ್ಟ್ರೈಕರ್ ಇಲ್ಲದಿದ್ದರೆ ಅದನ್ನು ತರಿಸುವವರೆಗೆ ಬಿಡುವುದಿಲ್ಲ. ರೇನ್ ಡ್ಯಾನ್ಸ್ ಅಂದರೆ ತೂತು ಕೊರೆದ ಪೈಪು, ಒಂದು ಸ್ಪೀಕರು. ಹೊರಗೆ ಮಲೆನಾಡಿನ ಅಸಲಿ ಮಳೆ ಪುಕ್ಕಟೆ ಸುರಿಯುತ್ತಿರುವಾಗಲೂ ರಾಯರು ಪಂಚೆ ಮೇಲಕ್ಕೆ ಕಟ್ಟಿ ಪೈಪಿನ ಕೆಳಗೆ ಐದು ನಿಮಿಷ ನಿಲ್ಲುತ್ತಾರೆ. ಪಂಚೆಯಲ್ಲಿ ಕೊಳಕ್ಕೆ ಇಳಿಯುವಂತಿಲ್ಲ, ನೈಲಾನ್ ಉಡುಪು ಕಡ್ಡಾಯ, ಬಾಡಿಗೆ ಬೇರೆ. ಅಲ್ಲಿ ಮಾತ್ರ ಅವರಿಗೆ ಕೋಪ ಬರುತ್ತದೆ. “ಬೇರೆ” ಅಂದರೆ ಅವರಿಗಾಗದು. ವ್ಯೂಪಾಯಿಂಟಿನ ಜೀಪು ಬೇರೆ, ಕ್ಯಾಂಪ್‌ಫೈರಿನ ಎರಡನೇ ಹೊರೆ ಸೌದೆ ಬೇರೆ. ಮೊದಲ ಹೊರೆ ಮಳೆಯಲ್ಲಿ ನೆನೆದು ಹೊಗೆಯಷ್ಟೇ ಕೊಟ್ಟಿದ್ದರೂ ಎರಡನೆಯದನ್ನು ಕೇಳುವುದಿಲ್ಲ. ಹೊಗೆಗೆ ಸೊಳ್ಳೆ ಹೋಯಿತು ಎನ್ನುತ್ತಾರೆ.

ಈ ಲೆಕ್ಕಾಚಾರವನ್ನು ಅವರು ರೆಸಾರ್ಟುಗಳಿಂದ ಕಲಿತದ್ದಲ್ಲ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಸುತ್ತಿದ ಕನ್ನಡಿಗನಿಗೆ ಎಲ್ಲಾ ಸೇರಿದ ವ್ಯವಸ್ಥೆ ಹೊಸದೇನಲ್ಲ: ಛತ್ರದ ಕೋಣೆಗೆ ಅಲ್ಪ ಬಾಡಿಗೆ, ಊಟಕ್ಕೆ ಪಂಕ್ತಿ, ಬಡಿಸಿದ್ದೇ ಮೆನು. ಅಲ್ಲಿ ಯಾರೂ ಸ್ಟಾರ್ ಕೊಡುವುದಿಲ್ಲ. ರಾಯರ ಮನಸ್ಸಿನಲ್ಲಿ ಇವತ್ತಿಗೂ ಅಳತೆಗೋಲು ಹೊರನಾಡಿನ ಪಾಯಸವೇ. ಯುರೋಪಿನವರ ಕಥೆಯೂ ಬಹಳ ಭಿನ್ನವಲ್ಲ. ಈ ಬಗೆಯ ಪ್ರವಾಸವನ್ನು ಜನಪ್ರಿಯಗೊಳಿಸಿದ ಕ್ಲಬ್ ಮೆಡ್ ಅನ್ನು ಬೆಲ್ಜಿಯಂನ ವಾಟರ್‌ಪೋಲೊ ಆಟಗಾರ ಗೆರಾರ್ ಬ್ಲಿಟ್ಜ್ 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಶುರು ಮಾಡಿದ್ದು ಡೇರೆಗಳಲ್ಲಿ. ಐಷಾರಾಮ ಆಮೇಲೆ ಬಂತು.

ನಮ್ಮ ಸರ್ಕಾರದ್ದೇ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ವಸತಿ, ಊಟ, ಸಫಾರಿ ಎಲ್ಲ ಸೇರಿಸಿ ತಲೆಲೆಕ್ಕದ ದರ. ಕಬಿನಿಯ ದರ ಕೇಳಿದಾಗ ರಾಯರು ವಿನಯದಿಂದ ನಮಸ್ಕಾರ ಹೇಳಿ ಫೋನ್ ಇಡುತ್ತಾರೆ. ಅವರಿಗೆ ಹೊಂದುವುದು ದಾಂಡೇಲಿ ಹತ್ತಿರ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ, ಈಗ ಅದೇ ಸಂಸ್ಥೆಯ ಶಿಬಿರ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಅಲ್ಲಿ ಡಾರ್ಮಿಟರಿಯ ಮಂಚದ ಮೇಲೆ ಅಕ್ಷರಶಃ ಪಾಲಿಸಬಹುದು. ಪಕ್ಷಿಗಳಿಗೆಂದು ಇಟ್ಟ ನೀರಿನ ತೊಟ್ಟಿಗಳ ಎದುರು ಫೋಟೊದವರು ಮೊಣಕೈಯುದ್ದದ ಲೆನ್ಸ್ ಹಿಡಿದು ಉಸಿರು ಬಿಗಿಹಿಡಿದಿರುತ್ತಾರೆ. ರಾಯರು ಕುರ್ಚಿ ಎಳೆದುಕೊಂಡು ಹಿಂದೆ ಕೂರುತ್ತಾರೆ. ನೊಣಹಿಡುಕ ಬಂದು ಮುಳುಗು ಹಾಕಿ ಹೋಗುತ್ತದೆ. ಅದೂ ಪ್ಯಾಕೇಜಿನಲ್ಲಿ ಸೇರಿದೆ ಎಂದು ಖಾತ್ರಿಯಾದ ಮೇಲೆ ಅವರ ಮುಖದಲ್ಲಿ ಮೂಡುವ ತೃಪ್ತಿ ಯಾವ ಐದು ಸ್ಟಾರಿನವನಿಗೂ ದಕ್ಕಿದ್ದಿಲ್ಲ.

ವಾರಾಂತ್ಯದಲ್ಲಿ ರಾಯರು ಸಿಗುವುದಿಲ್ಲ. ಆ ಎರಡು ದಿನ ದರವೂ ಡಿಜೆಯೂ ಜಾಸ್ತಿ. ಸೋಮವಾರದಿಂದ ಗುರುವಾರದೊಳಗೆ ಸಕಲೇಶಪುರ, ಮೂಡಿಗೆರೆ ಕಡೆ ಹೋಗುವವರು ಅವರ ಪಕ್ಕದ ಕೋಣೆ ಸಿಕ್ಕರೆ ಬಿಡಬೇಡಿ. ಡಿಕಾಕ್ಷನ್ ಅವರ ಹತ್ತಿರ ಯಾವಾಗಲೂ ಇಬ್ಬರಿಗಾಗುವಷ್ಟು ಹೆಚ್ಚೇ ಇರುತ್ತದೆ.