ಭಾವಿ ಮೆಂಬರ್ ಸಾಹೇಬ್ರು

ಬಾಗಲಕೋಟೆ ನಗರಸಭೆಯ ವಾರ್ಡುಗಳು 35. ಭಾವಿ ಮೆಂಬರುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ನವನಗರದ ಯಾವ ಸೆಕ್ಟರಿಗೆ ಹೋದರೂ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎರಡು ಫೋನು, ಮುಂಗೈಗೆ ಯಾವುದೋ ಜಾತ್ರೆಯ ಕೆಂಪು ದಾರ, ಬೈಕಿನ ಹಿಂದೆ ಒಬ್ಬ ಹುಡುಗ. ಚುನಾವಣೆಯ ಸುದ್ದಿಯೇ ಇಲ್ಲದಾಗಲೂ ಅವರ ಫ್ಲೆಕ್ಸು ನಿಂತಿರುತ್ತದೆ. ಯುಗಾದಿಗೆ ಶುಭಾಶಯ, ರಂಜಾನಿಗೆ ಶುಭಾಶಯ, ಬಸವ ಜಯಂತಿಗೆ ಶುಭಾಶಯ, ಎಸ್ಸೆಸ್ಸೆಲ್ಸಿ ಪಾಸಾದವರಿಗೂ ಶುಭಾಶಯ. ಫೇಲಾದವರಿಗೆ ಯಾರೂ ಫ್ಲೆಕ್ಸು ಹಾಕುವುದಿಲ್ಲ, ಅವರ ಮನೆಯಲ್ಲೂ ಓಟುಗಳಿರುತ್ತವೆ ಎಂಬುದು ಭಾವಿ ಮೆಂಬರಿಗೆ ಇನ್ನೂ ಹೊಳೆದಿಲ್ಲ.

ನಮ್ಮ ಸೆಕ್ಟರಿನ ಭಾವಿ ಮೆಂಬರು ಈಚೆಗೆ ಒಂದು ಕರಪತ್ರ ಹಂಚಿದರು. ಮೇಲೆ ‘ಬೆಳೆಯುತ್ತಿರುವ ನಗರಕ್ಕೆ ನನ್ನ ಆದ್ಯತೆಗಳು’ ಎಂದಿತ್ತು. ಅದನ್ನು ಓದಿದಾಗ ಅವರ ಕಷ್ಟ ನನಗೆ ಅರ್ಥವಾಯಿತು. ಬೇರೆ ಊರಿನ ಅಭ್ಯರ್ಥಿ ರಸ್ತೆ ಅಗಲ ಮಾಡಿಸುತ್ತೇನೆ ಎಂದು ಒಂದೇ ಮಾತಿನಲ್ಲಿ ಐದು ವರ್ಷ ಕಳೆಯಬಹುದು. ನವನಗರದಲ್ಲಿ ಆ ಸೌಲಭ್ಯವಿಲ್ಲ. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಗೆ ನುಗ್ಗುತ್ತದೆಂದು ಗೊತ್ತಾದ ಮೇಲೆ ಚಾರ್ಲ್ಸ್ ಕೊರಿಯಾರಂಥ ದೊಡ್ಡ ವಾಸ್ತುಶಿಲ್ಪಿಯಿಂದ ನಕ್ಷೆ ಬರೆಸಿ ಕಟ್ಟಿದ ಊರು ಇದು. ಅಗಲ ರಸ್ತೆ, ಶಾಲೆಗೊಂದು ಜಾಗ, ಗಾರ್ಡನ್ನಿಗೊಂದು ಜಾಗ, ಅಂಗಡಿಗೊಂದು ಜಾಗ ಎಲ್ಲವೂ ಮೊದಲೇ ಕಾಗದದ ಮೇಲಿದ್ದವು. ಮನೆಗಿಂತ ಮೊದಲು ಸೆಕ್ಟರಿನ ನಂಬರು ಹುಟ್ಟಿತ್ತು. ಇಂಥ ಊರಲ್ಲಿ ಭರವಸೆ ಕೊಡುವವನು ಏನು ಕೊಡಬೇಕು?

ಹಂಪ್ ಕೊಡಬೇಕು. ಕರಪತ್ರದ ಮೊದಲ ಆದ್ಯತೆಯೇ ಅದು: ಪ್ರತಿ ಅಡ್ಡರಸ್ತೆಗೂ ಒಂದು ಹಂಪ್. ನಂತರ ಸ್ವಾಗತ ಕಮಾನು, ಅದರ ಮೇಲೆ ಹೆಸರು. ನಂತರ ಹೈಮಾಸ್ಟ್ ದೀಪ, ಅದರ ಬುಡದಲ್ಲಿ ಹೆಸರು. ನಂತರ ಸಿಮೆಂಟಿನ ಬೆಂಚು, ಬೆನ್ನು ತಾಗುವ ಕಡೆ ಹೆಸರು.

ಇವೆಲ್ಲ ಸಣ್ಣ ಮಾತು. ಅವರ ನಿಜವಾದ ಪ್ರತಿಭೆ ತಿಳಿಯಬೇಕಾದರೆ ಗಾರ್ಡನ್ ಜಾಗದ ಎದುರಿನ ಚಹಾದಂಗಡಿಯಲ್ಲಿ ಅರ್ಧ ತಾಸು ಕೂಡಬೇಕು. ಜಾಗ ಅಂದರೆ ಸದ್ಯಕ್ಕೆ ಜಾಲಿಕಂಟಿ, ನಾಲ್ಕು ಹಂದಿ, ಒಂದು ತುಕ್ಕು ಹಿಡಿದ ಬೋರ್ಡು.

ಮೊದಲು ಬಂದವರು ರಿಟೈರ್ಡ್ ಮಾಸ್ತರು. “ಏನ್ರೀ, ಈ ಜಾಗಾದ್ದು ಏನಾತು?”

“ಮಾಸ್ತರ, ನಾ ಅದೀನಲ್ರಿ. ಸುತ್ತಲೂ ವಾಕಿಂಗ್ ಟ್ರ್ಯಾಕ್ ಮಾಡೂಣು. ನಿಮ್ಮಂಥಾ ಹಿರ್ಯಾರಿಗೆ ಅದs ಬೇಕು.”

ಮಾಸ್ತರು ಅತ್ತ ಹೋದರು, ಕ್ರಿಕೆಟ್ ಹುಡುಗರು ಇತ್ತ ಬಂದರು. “ಅಣ್ಣಾ, ಪಿಚ್?”

“ಪಿಚ್ ಏನೋ ತಮ್ಮಾ, ಓಪನ್ ಜಿಮ್ಮೂ ಹಾಕೂಣು.”

ಅದಾದ ಮೇಲೆ ಯಾವುದೋ ಸಮಾಜದ ಹಿರಿಯರು ಇಬ್ಬರು. ಅವರಿಗೆ ಸಮುದಾಯ ಭವನ ಬೇಕಿತ್ತು. ಅದೂ ಇಲ್ಲೇ ಆಯಿತು, ಮೇಲೊಂದು ಮಹಡಿ ಸಮೇತ. ಗುಡಿ ಕೇಳಿದ ತಾಯಿಗೆ ಈಶಾನ್ಯ ದಿಕ್ಕು ತೋರಿಸಿದರು. ನನ್ನ ಎರಡನೇ ಕಪ್ಪು ಮುಗಿಯುವಷ್ಟರಲ್ಲಿ ಆ ಒಂದು ಜಾಲಿಕಂಟಿಯ ತುಂಡಿನ ಮೇಲೆ ಇಡೀ ಒಂದು ತಾಲ್ಲೂಕು ಕೇಂದ್ರ ಎದ್ದು ನಿಂತಿತ್ತು. ಸುಳ್ಳು ಹೇಳುವವರಂತೆ ಅವರು ಕಾಣಲೇ ಇಲ್ಲ. ಎದುರಿಗೆ ನಿಂತವರು ಏನು ಕೇಳುತ್ತಾರೋ ಅದನ್ನು ಅವರು ಆ ಕ್ಷಣಕ್ಕೆ ಮನಸಾರೆ ಬಯಸುತ್ತಾರೆ.

ಅವರಿಗಿರುವ ದೊಡ್ಡ ತಲೆಬೇನೆ ಬೇರೆ. ಹಳೇ ಊರಲ್ಲಿ ಓಣಿಗೊಬ್ಬ ಹಿರಿಯ ಇದ್ದ, ಅವನ ಕಟ್ಟೆಯ ಮೇಲೆ ಕೂತು ಚಹಾ ಕುಡಿದರೆ ಓಣಿಯ ಓಟು ಕೈಗೆ ಬಂದಂತೆ. ಈಗ ಒಂದು ಓಣಿಯ ಜನ ನಾಲ್ಕು ಸೆಕ್ಟರಿಗೆ ಚದುರಿದ್ದಾರೆ, ಕೆಲವರು ವಿದ್ಯಾಗಿರಿ ಸೇರಿದ್ದಾರೆ, ಕೆಲವರು ಕಿಲ್ಲಾದ ಕಡೆಯೇ ಉಳಿದಿದ್ದಾರೆ. ಬಾಜೂಮನೆಯವರ ಮೂಲ ಓಣಿ ತಿಳಿಯಲು ಹೋಳಿ ಬರಬೇಕು. ಬಣ್ಣದ ಬಂಡಿ ಹೊರಟಾಗ ಎಲ್ಲರೂ ಹಲಗಿಯ ಸದ್ದಿಗೆ ಹಳೇ ಊರಿಗೇ ಓಡುತ್ತಾರೆ. ನಮ್ಮ ಭಾವಿ ಮೆಂಬರೂ ಓಡುತ್ತಾರೆ, ಬಣ್ಣ ಎರಚುತ್ತ ಯಾರು ಯಾವ ಬಂಡಿಯ ಮೇಲಿದ್ದಾರೆಂದು ಎಣಿಸುತ್ತಾರೆ. ಅಷ್ಟು ಶ್ರದ್ಧೆಯಿಂದ ಜನಗಣತಿಯವರೂ ಎಣಿಸಲಾರರು.

ಇನ್ನು ಬೆಳವಣಿಗೆಯ ಮಾತು. ಬೇರೆ ನಗರಗಳು ಕೆಲಸ ಹುಡುಕಿ ಬಂದವರಿಂದ ಬೆಳೆಯುತ್ತವೆ. ನವನಗರ ಬೆಳೆಯುವುದು ನೀರು ಏರಿದರೆ. ಆಲಮಟ್ಟಿಯಲ್ಲಿ ಸದ್ಯ ನಿಲ್ಲಿಸುವ ಮಟ್ಟ 519.60 ಮೀಟರ್. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256ಕ್ಕೆ ಒಪ್ಪಿಗೆ ಕೊಟ್ಟಿತು. ಈ ಎರಡು ಅಂಕಿಗಳ ನಡುವೆ ಎಷ್ಟೋ ಜನರ ಮನೆ, ಪರಿಹಾರ, ಹಕ್ಕುಪತ್ರ, ಮಗಳ ಮದುವೆ ಸಿಕ್ಕಿಕೊಂಡಿವೆ. ಮಗನ ಹುಟ್ಟಿದ ತಾರೀಖು ಮರೆತರೂ ಭಾವಿ ಮೆಂಬರಿಗೆ ದಶಮಾಂಶದ ನಂತರದ ಮೂರು ಅಂಕಿ ಮರೆಯುವುದಿಲ್ಲ. ಅಣೆಕಟ್ಟಿನ ಎತ್ತರ ವಾರ್ಡ್ ಮೆಂಬರಿನ ಕೈಯಲ್ಲಿಲ್ಲ ಎಂದು ಯಾರಾದರೂ ಅಂದರೆ, “ಕೈಯಾಗಿಲ್ಲ ಖರೇ, ಆದ್ರ ದನಿ ಎತ್ತೂದು ನನ್ನ ಕೈಯಾಗ ಐತಲ್ರಿ” ಎನ್ನುತ್ತಾರೆ. ಚರಂಡಿಯ ಮಾತು ತೆಗೆದರೆ ಮಾತ್ರ ದನಿ ಇಳಿಯುತ್ತದೆ. “ಅದು ಬಿಟಿಡಿಎ ಕೆಲಸಾರಿ.” ಪಟ್ಟಣ ಅಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ಬಂದವರಿಗೆ, “ಅದು ನಗರಸಭಿಗೆ ಬರ್ತೈತ್ರಿ.” ಒಂದೇ ಊರಿಗೆ ಎರಡು ಕಚೇರಿ ಇರುವುದರ ಪ್ರಯೋಜನವನ್ನು ಕೊರಿಯಾ ಕೂಡ ಊಹಿಸಿರಲಿಕ್ಕಿಲ್ಲ.

ತಾಳ್ಮೆಯೊಂದನ್ನು ಮಾತ್ರ ಮೆಚ್ಚಬೇಕು. 2018ರ ಆಗಸ್ಟಿನ ಚುನಾವಣೆಯಲ್ಲಿ ಗೆದ್ದವರು ಮೀಸಲಾತಿಯ ತಕರಾರಿನಲ್ಲಿ ಅಧ್ಯಕ್ಷರನ್ನು ಆರಿಸಲು 2020ರವರೆಗೆ ಕಾದಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಗೆದ್ದವರೇ ಎರಡು ವರ್ಷ ಭಾವಿಯಾಗಿ ಕೂತಿದ್ದರು, ನನ್ನದೇನು ಮಹಾ ಎಂಬ ಧೈರ್ಯ.

ಆ ಧೈರ್ಯ ಅಲುಗಿದ್ದು ಈಚೆಗೆ, ಈ ಸಲ ವಾರ್ಡು ಮಹಿಳೆಗೆ ಹೋಗುತ್ತದಂತೆ ಎಂಬ ಗಾಳಿಸುದ್ದಿ ಚಹಾದಂಗಡಿಗೆ ಬಂದಾಗ. ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು, ಇಂದಲ್ಲ ನಾಳೆ ಬರುವುದೇ. ಒಂದೇ ರಾತ್ರಿಯಲ್ಲಿ ಹೊಸ ಫ್ಲೆಕ್ಸು ಎದ್ದಿತು: ಇಳಕಲ್ ಸೀರೆಯಲ್ಲಿ ಅಕ್ಕಾರು, ಕೈ ಮುಗಿದ ಸಣ್ಣ ಫೋಟೊ. ಪಕ್ಕದಲ್ಲಿ ಯಜಮಾನರು, ಮೂರು ಪಟ್ಟು ದೊಡ್ಡದಾಗಿ. ಕರಪತ್ರ ಹಿಡಿದು ಇಬ್ಬರೂ ನಮ್ಮ ಮನೆಗೂ ಬಂದರು. ಯಜಮಾನರು ಕಮಾನಿನಿಂದ ಶುರು ಮಾಡಿ 524.256 ಮುಟ್ಟುವಷ್ಟರಲ್ಲಿ, ನನ್ನ ಹೆಂಡತಿ ನಡುವೆ ಬಾಯಿ ಹಾಕಿ ನಾಲ್ಕು ದಿನದಿಂದ ನಳಕ್ಕೆ ನೀರಿಲ್ಲ ಎಂದಳು.

ಅಕ್ಕಾರು ಚೀಲದಿಂದ ಫೋನು ತೆಗೆದರು. “ತಮ್ಮಾ, ನಾನೋ. ಈ ಲೈನಿಗೆ ಯಾಕ ಬಿಟ್ಟಿಲ್ಲ? ಹ್ಞಾಂ, ಸಂಜೀಕ ಬಿಡು.” ಫೋನು ಒಳಗಿಟ್ಟು, “ನೀರು ಬಿಡಾವ ನಮ್ಮ ಸಂಘದ ಶಾಂತಕ್ಕನ ಮಗಾರಿ” ಎಂದರು.

ಯಜಮಾನರು ಕರಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿದರು. “ಇದನ್ನೂ ಆದ್ಯತೆಯೊಳಗ ಸೇರಿಸಬೇಕಿತ್ತಲ್ಲ. ಪ್ರಿಂಟ್ ಆಗಿಬಿಟ್ಟೈತಿ.”