ನಮ್ಮ ಜನಕ್ಕೆ ಕುರೊಸಾವಾ ಎಲ್ಲಿ ಅರ್ಥವಾಗಬೇಕು!

ಊರಿನವರಿಗೆ ಜಗತ್ತಿನ ಸಿನಿಮಾ ತೋರಿಸಿಯೇ ಸೈ ಎಂದು ಪಣ ತೊಟ್ಟ ಮಹನೀಯರು ಮೊದಲು ಮಾಡುವ ಕೆಲಸ, ಊರಿನವರು ಬಾರದಂತೆ ನೋಡಿಕೊಳ್ಳುವುದು. ಇದೇನು ಸುಲಭದ ಕೆಲಸವಲ್ಲ. ಪ್ರದರ್ಶನವನ್ನು ಬುಧವಾರ ಬೆಳಗ್ಗೆ ಹತ್ತಕ್ಕೆ ಇಡಬೇಕು. ದಿನದ ದುಡಿಮೆ ಬಿಡದೆ ಯಾರೂ ಬರಲಾಗಬಾರದು. ಆಹ್ವಾನಪತ್ರಿಕೆ ಇಂಗ್ಲಿಷಿನಲ್ಲಿರಬೇಕು. ಇರಾನಿನ ಚಿತ್ರಕ್ಕೂ ಇಂಗ್ಲಿಷಿನದೇ ಅಡಿಬರಹ, ಅದೂ ಮುಂದಿನ ಸಾಲಿನವರ ತಲೆಯ ಮರೆಯಲ್ಲಿ. ಚಿತ್ರಕ್ಕೆ ಮುಂಚೆ ಮುಕ್ಕಾಲು ಗಂಟೆ ಉಪನ್ಯಾಸ. ಅದರಲ್ಲೇ ಕತೆಯ ಕೊನೆಯನ್ನೂ ಹೇಳಿ ಮುಗಿಸಬೇಕು. ಇಷ್ಟೆಲ್ಲ ಆದ ಮೇಲೆ ಖಾಲಿ ಕುರ್ಚಿಗಳತ್ತ ನೋಡಿ ನಿಟ್ಟುಸಿರು: “ನಮ್ಮ ಜನಕ್ಕೆ ಟೇಸ್ಟೇ ಇಲ್ಲ ಕಣ್ರೀ.”

ಈ ಘನ ಸಿದ್ಧಾಂತಕ್ಕೆ ಅಡ್ಡ ಬರುವ ಊರೊಂದಿದೆ: ಸಾಗರದ ಹತ್ತಿರದ ಹೆಗ್ಗೋಡು. ಅಲ್ಲಿ ಕೆ.ವಿ. ಸುಬ್ಬಣ್ಣ ಎಂಬುವರು ಅಡಿಕೆ ತೋಟಗಳ ನಡುವೆ 1973ರಲ್ಲಿ ನೀನಾಸಮ್ ಚಿತ್ರಸಮಾಜ ಎಂಬ ಫಿಲಂ ಸೊಸೈಟಿ ಕಟ್ಟಿದರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಬಂದು ಪಾಠ ಹೇಳಿದರು. ಇಟಲಿಯ ಡಿ ಸಿಕಾ, ಜಪಾನಿನ ಕುರೊಸಾವಾ, ಬಂಗಾಳದ ಸತ್ಯಜಿತ್ ರಾಯ್ ಎಲ್ಲರೂ ಆ ಹಳ್ಳಿಯ ಪರದೆಯ ಮೇಲೆ ಬಂದುಹೋದರು. ರೈತರು ಕೂತು ನೋಡಿದರು. ಎಂಥ ಅನಾಹುತ! ಯಾರನ್ನೂ ಕೇಳದೆ, ಯಾವ ಅರ್ಹತಾ ಪರೀಕ್ಷೆಯೂ ಇಲ್ಲದೆ.

ಅವರಿಗೇನು ಅರ್ಥವಾಗಿದ್ದೀತು? ಡಿ ಸಿಕಾನ 1948ರ ‘ಬೈಸಿಕಲ್ ಥೀವ್ಸ್’ ತೆಗೆದುಕೊಳ್ಳಿ. ಮನೆಯ ಹಾಸಿಗೆ ಬಟ್ಟೆ ಅಡವಿಟ್ಟು ಬಿಡಿಸಿಕೊಂಡ ಸೈಕಲ್ಲು ಕೆಲಸದ ಮೊದಲ ದಿನವೇ ಕಳುವಾಗುತ್ತದೆ. ಅಡವು, ಸಾಲ, ಮಗನೆದುರು ಅವಮಾನ: ಇಂಥ ಅತ್ಯಂತ ವಿದೇಶಿ ಅನುಭವಗಳು ಮಲೆನಾಡಿನ ರೈತನಿಗೆ ಎಲ್ಲಿಂದ ಬರಬೇಕು? ನಾಯಕನ ಪಾತ್ರ ಮಾಡಿದವನೂ ನಟನಲ್ಲ, ಕಾರ್ಖಾನೆಯ ಕೆಲಸಗಾರ. ಹಾಲಿವುಡ್ ತಾರೆಯ ಪೋಸ್ಟರನ್ನು ಗೋಡೆಗೆ ಅಂಟಿಸುತ್ತಿದ್ದಾಗಲೇ ನಾಯಕನ ಸೈಕಲ್ಲು ಹೋಗುತ್ತದೆ. ಡಿ ಸಿಕಾನಿಗೂ ವ್ಯಂಗ್ಯ ಬರುತ್ತಿತ್ತು. ಇನ್ನು ಕುರೊಸಾವಾನ ‘ರಾಶೋಮನ್’: ಒಂದು ಕೊಲೆ, ನಾಲ್ಕು ಹೇಳಿಕೆ, ಪ್ರತಿಯೊಬ್ಬರದೂ ತಂತಮ್ಮ ಸತ್ಯ. ಬೇಲಿ ತಕರಾರಿಗಾಗಿ ಕೋರ್ಟಿನ ಕಟ್ಟೆ ಸವೆಸಿದವರಿಗೆ ಇದರ ಮೇಲೆ ಉಪನ್ಯಾಸ ಬೇಕೆ? ಬೇಕಿದ್ದರೆ ಅವರೇ ಕೊಟ್ಟಾರು.

ಪಟ್ಟಣಗಳಲ್ಲೂ ಕಲಾಪ್ರೇಮವೇನೂ ಕಮ್ಮಿ ಇರಲಿಲ್ಲ. ಫಿಲಂ ಸೊಸೈಟಿಗಳು ಸದಸ್ಯರಿಗೆ ತೋರಿಸುವ ವಿದೇಶಿ ಚಿತ್ರಗಳಿಗೆ ಸೆನ್ಸಾರಿನ ಕತ್ತರಿಯಿಂದ ವಿನಾಯಿತಿ ಇದ್ದ ಕಾಲದಲ್ಲಿ ಆ ಪ್ರೇಮ ಕೆಲವರಲ್ಲಿ ಉಕ್ಕಿ ಹರಿಯುತ್ತಿತ್ತು. ಸ್ವೀಡನ್ನಿನ ಬರ್ಗ್‌ಮನ್ ಚಿತ್ರಕ್ಕೆ ಬಹಳ ನಿರೀಕ್ಷೆಯಿಂದ ಬಂದು, ಪರದೆಯ ಮೇಲೆ ಸಾವು ಚದುರಂಗ ಆಡುವುದನ್ನು ಕಂಡು ಮಧ್ಯದಲ್ಲೇ ಎದ್ದುಹೋದವರನ್ನು ಯಾರೂ ಅಭಿರುಚಿ ಇಲ್ಲದವರೆನ್ನಲಿಲ್ಲ. ಅವರು ಚಂದಾದಾರರು.

ಈಗ ಚಿತ್ರೋತ್ಸವಗಳು ಮಾಲ್ ಸೇರಿವೆ. ಅನುಕೂಲ ಬಹಳ, ಹವಾನಿಯಂತ್ರಣ, ಮೆತ್ತನೆಯ ಕುರ್ಚಿ, ಟಿಕೆಟ್ಟನ್ನೂ ಮೀರಿಸುವ ಪಾಪ್‌ಕಾರ್ನ್. ಒಂದೇ ಕೊರತೆ: ಸೈಕಲ್ ಕಳಕೊಂಡವನ ಕತೆ ನೋಡಲು ಸೈಕಲ್ಲಿನಲ್ಲಿ ಬಂದವನಿಗೆ ಅದನ್ನು ನಿಲ್ಲಿಸಲು ಜಾಗವಿಲ್ಲ. ಸೆಕ್ಯುರಿಟಿಯವನು ಬೇಸ್‌ಮೆಂಟಿನತ್ತ ಕೈ ತೋರುತ್ತಾನೆ, ಬೇಸ್‌ಮೆಂಟಿನವನು ರಸ್ತೆಯತ್ತ. ಹೊರಗೆ ಮರಕ್ಕೆ ಒರಗಿಸಿ ಒಳಬಂದವನಷ್ಟು ತನ್ಮಯತೆಯಿಂದ ಆ ಚಿತ್ರ ನೋಡುವವನು ಇಡೀ ಹಾಲಿನಲ್ಲಿ ಇನ್ನೊಬ್ಬನಿರಲಾರ.

ಸ್ವತಂತ್ರ ಚಿತ್ರಮಂದಿರವೊಂದನ್ನು ಕಟ್ಟಿ ಈ ಎಲ್ಲ ಕೊರತೆ ನೀಗಿಸುವ ಹುಮ್ಮಸ್ಸಿನವರೂ ಇದ್ದಾರೆ. ಅವರಿಗೆ ನನ್ನದೊಂದು ಸಲಹೆ: ಹಾಲು ಸಣ್ಣದಿರಲಿ, ನಲವತ್ತು ಕುರ್ಚಿ ಸಾಕು. ಸಮಿತಿಯವರು, ಅವರ ಮನೆಯವರು, ಉಪನ್ಯಾಸಕರು, ಅವರನ್ನು ಪರಿಚಯಿಸುವವರು, ಪರಿಚಯಿಸಿದವರಿಗೆ ವಂದಿಸುವವರು ಕೂತರೆ ಬಾಗಿಲಿಗೆ ‘ಹೌಸ್‌ಫುಲ್’ ಬೋರ್ಡು ಧಾರಾಳವಾಗಿ ತೂಗುಹಾಕಬಹುದು. ಬೋರ್ಡು ಮಾತ್ರ ಕನ್ನಡದಲ್ಲಿರಲಿ. ಹೊರಗೆ ನಿಂತವರು ಓದಬೇಕಲ್ಲ.