ಬಾಣಂತ್ಯಾಹಾರ ಮೀಮಾಂಸೆ

ಹಾಲೂಡಿಸುವ ತಾಯಿಯು ದಿನವೊಂದಕ್ಕೆ ಎಷ್ಟು ಉಣ್ಣಬೇಕೆಂಬ ಪ್ರಶ್ನೆಯು ಮೇಲುನೋಟಕ್ಕೆ ಅಡುಗೆಮನೆಯ ಸಾಮಾನ್ಯ ವಿಷಯವೆಂದು ತೋರಿದರೂ, ಆಕೆಯೊಬ್ಬಳನ್ನುಳಿದು ಮಿಕ್ಕೆಲ್ಲರಿಗೂ ಅದರಲ್ಲಿ ಅಧಿಕಾರವಿರುವುದರಿಂದ, ಶಾಸ್ತ್ರವೆನಿಸಿಕೊಳ್ಳಲು ಸರ್ವಥಾ ಅರ್ಹವಾಗಿದೆ. ಈ ಶಾಸ್ತ್ರದಲ್ಲಿ ಪ್ರಮಾಣಗಳು ನಾಲ್ಕು: ಮಗು ನೋಡಲು ಬಂದ ನೆಂಟರ ಆಪ್ತವಾಕ್ಯ, ಕೂಸಿನ ಅಳುವಿನಿಂದ ತಾಯಿಯ ತಟ್ಟೆಯನ್ನು ಊಹಿಸುವ ಅನುಮಾನ, ‘ನಮ್ಮ ಕಾಲದಲ್ಲಿ’ ಎಂದು ಆರಂಭವಾಗುವ ಸ್ಮೃತಿ, ಮತ್ತು ಆಹಾರತಜ್ಞರು ಅಚ್ಚುಹಾಕಿಸಿ ಕೊಟ್ಟ ಚಾರ್ಟು. ಪ್ರತ್ಯಕ್ಷವು, ಎಂದರೆ ತಾಯಿಗೆ ಈಗ ಹಸಿವಾಗಿದೆಯೇ ಎಂಬುದು, ಪ್ರಮಾಣಕೋಟಿಗೆ ಸೇರತಕ್ಕದ್ದಲ್ಲ.

ಪೂರ್ವಪಕ್ಷದವರು ಘೃತವಾದಿಗಳು. ತುಪ್ಪ, ಒಣಕೊಬ್ಬರಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಇವು ಹಾಲನ್ನು ಹೆಚ್ಚಿಸುವುವೆಂದೂ, ಹಣ್ಣುಗಳೆಲ್ಲ ಶೀತವೆಂದೂ, ಹಸಿಬಾಣಂತಿ ಬಾಯಾರಿಕೆ ತೀರುವಷ್ಟು ನೀರು ಕುಡಿದರೆ ಹೊಟ್ಟೆ ಬರುವುದೆಂದೂ ಇವರ ಮತ. ಹಾಲಿನಲ್ಲಿ ಬಹುಪಾಲು ನೀರೇ ಎಂಬ ಆಕ್ಷೇಪವನ್ನು ಇವರು ಉತ್ತರಕ್ಕೆ ಯೋಗ್ಯವೆಂದೇ ಎಣಿಸಿಲ್ಲ. ಇವರಲ್ಲಿ ಧಾರವಾಡ ಶಾಖೆಯು ಅಂಟಿನುಂಡೆಯನ್ನೂ ಮೈಸೂರು ಶಾಖೆಯು ಮೆಣಸಿನ ಸಾರನ್ನೂ ಪರಮಪದವಿಗೇರಿಸಿವೆ. ಎದುರು ಪಕ್ಷದವರು ಕಾರ್ಶ್ಯವಾದಿಗಳು. ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ ತಾಯಿಗೆ ಮದುವೆಯ ರವಿಕೆ ಹಿಡಿಯಬೇಕೆಂಬುದು ಇವರ ಏಕೈಕ ಪುರುಷಾರ್ಥ. ‘ಇನ್ನೊಂದು ಮಿಳ್ಳೆ ತುಪ್ಪ ಹಾಕ್ಕೊಳ್ಳೇ, ಹಾಲು ಬರತ್ತೆ’ ಎಂದ ಅತ್ತೆಯವರೇ, ಕೈತೊಳೆದು ಹೊರಬಂದು, ‘ಏನೇ ಹೀಗೆ ಊದಿಬಿಟ್ಟಿದೀಯ’ ಎನ್ನುವುದನ್ನು ನಾವು ಭೇದಾಭೇದವೆಂದು ಕರೆಯುತ್ತೇವೆ.

ಇನ್ನು ಗಣಿತಪಾದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ವಿಧಿಸಿದಂತೆ, ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೊಕ್ಯಾಲೊರಿಯೂ ಮುಂದಿನ ಆರು ತಿಂಗಳು 520 ಕಿಲೊಕ್ಯಾಲೊರಿಯೂ ಹೆಚ್ಚುವರಿಯಾಗಿ ಸಲ್ಲಬೇಕು. ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲು, ಅದರ 100 ಮಿಲಿಲೀಟರಿಗೆ 65ರಿಂದ 70 ಕಿಲೊಕ್ಯಾಲೊರಿ, ಉಂಡ ಅನ್ನವು ಹಾಲಾಗಿ ಪರಿಣಮಿಸುವಾಗ ಐದರಲ್ಲೊಂದು ಪಾಲು ಅದೇ ಕೆಲಸಕ್ಕೆ ವ್ಯಯ, ಎಂದು ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಎರಡು ಚಪಾತಿ, ಒಂದು ಬಟ್ಟಲು ಬೇಳೆ, ಒಂದು ಮೊಟ್ಟೆ, ಒಂದು ಲೋಟ ಹಾಲು: ಹೆಚ್ಚುಕಡಮೆ ಅಷ್ಟೇ. ಇಷ್ಟಕ್ಕಾಗಿ ಇಷ್ಟೊಂದು ದರ್ಶನಗಳು ಹುಟ್ಟಿಕೊಂಡವಲ್ಲ ಎಂಬುದೇ ಸೋಜಿಗ.

ಇಲ್ಲಿಂದ ಮುಂದೆ ಪಥ್ಯದ ಅಷ್ಟವಿಧ ದೋಷಗಳ ನಿರೂಪಣೆ ಬರಬೇಕಾಗಿತ್ತು. ಬರೆಯುವ ಉತ್ಸಾಹವಿಲ್ಲ, ಬಿಟ್ಟಿದ್ದೇನೆ. ಚಾರ್ಟಿನಲ್ಲಿ ‘ಬೆಳಿಗ್ಗೆ ಹನ್ನೊಂದಕ್ಕೆ ಮೊಳಕೆಕಾಳು’ ಎಂದು ಬರೆದಿದೆಯಲ್ಲ, ಆ ಕಾಳನ್ನು ಹಿಂದಿನ ದಿನ ನೆನೆಹಾಕಿದವರು ಯಾರು? ತವರಿನ ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದವಳು, ಎಲ್ಲರಿಗೂ ಬಡಿಸಿ, ಎಲ್ಲರೂ ಉಂಡೆದ್ದ ಮೇಲೆ, ಎಡತೋಳಿನಲ್ಲಿ ಕೂಸನ್ನಿಟ್ಟುಕೊಂಡು ಬಲಗೈಯಿಂದ ಆರಿದ ಅನ್ನಕ್ಕೆ ತಳದ ಸಾರು ಬಳಿದುಕೊಳ್ಳುವಾಗ, ಅವಳ ಕ್ಯಾಲೊರಿಗಳನ್ನು ಎಣಿಸಬಂದವರಲ್ಲಿ ಒಬ್ಬರಾದರೂ ‘ಮಗು ಕೊಡು, ನೀನು ಕೂತು ಉಣ್ಣು’ ಎಂದದ್ದುಂಟೆ? ನಾಚಿಕೆಯಾಗಬೇಕು.

ಸರಕಾರವೂ ಈ ಮೀಮಾಂಸೆಗೆ ಹೊರತಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ‘ಮಾತೃಪೂರ್ಣ’ ಯೋಜನೆಯು ಗರ್ಭಿಣಿಗೂ ಬಾಣಂತಿಗೂ ದಿನಕ್ಕೊಂದು ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ ಕೊಡಹೊರಟದ್ದು ನಿಜವಾಗಿಯೂ ಒಳ್ಳೆಯ ಕೆಲಸ; ಆದರೆ ಊಟವನ್ನು ಅಂಗನವಾಡಿಗೇ ಬಂದು ಉಣ್ಣಬೇಕೆಂದಿತು. ಹಸಿಬಾಣಂತಿ ಹೊಸ್ತಿಲು ದಾಟಕೂಡದೆಂದು ಮನೆಯ ಶಾಸ್ತ್ರ, ದಾಟದಿದ್ದರೆ ಊಟವಿಲ್ಲವೆಂದು ಕಚೇರಿಯ ಶಾಸ್ತ್ರ. ಮಲೆನಾಡಿನ ಒಂಟಿಮನೆಯವಳು ಎಳೆಗೂಸನ್ನೆತ್ತಿಕೊಂಡು ಗುಡ್ಡ ಇಳಿದು ಹತ್ತುವುದರಲ್ಲಿ ಎಷ್ಟು ಕ್ಯಾಲೊರಿ ಕರಗಿತೆಂಬುದನ್ನು ಎರಡೂ ಶಾಸ್ತ್ರಗಳು ಹೇಳವು.

1950ರ ದಶಕದಲ್ಲಿಯೇ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಅವರು ಬಡ ತಾಯಂದಿರ ಹಾಲನ್ನು ಪರೀಕ್ಷಿಸಿ ನೋಡಿದ್ದರು. ಅರೆಹೊಟ್ಟೆಯವಳ ಎದೆಯೂ ಬತ್ತುವುದಿಲ್ಲ. ತಟ್ಟೆಯಲ್ಲಿ ಕೊರೆಯಾದದ್ದನ್ನು ಅವಳ ಮೈಯೇ ತೆರುತ್ತದೆ. ಹಾಗೆ ಅವಳು ಸೊರಗುತ್ತಿರಲು ಮಗು ದುಂಡಗಾಗುತ್ತದೆ. ಆಗ ಘೃತವಾದಿಯು ಅದು ತನ್ನ ತುಪ್ಪದ ಮಹಿಮೆಯೆಂದೂ, ಕಾರ್ಶ್ಯವಾದಿಯು ತಾಯಿ ಇಳಿದದ್ದು ತನ್ನ ಚಾರ್ಟಿನ ಮಹಿಮೆಯೆಂದೂ ಸಾರಿ, ನಾಮಕರಣದ ಪಂಕ್ತಿಯಲ್ಲಿ ಪರಸ್ಪರ ಅಭಿನಂದಿಸಿಕೊಳ್ಳುತ್ತಾರೆ.